ಮೇಲ್ ತಲುಪಿತು, ಹೆಡರ್ ಎಲ್ಲಿ ಹೋಯಿತು?

ಕಳೆದ ತಿಂಗಳು ನಮ್ಮ ತರಗತಿಯ 46 ಜನರಿಗೆ ಒಂದು ಸೂಚನೆ ಕಳುಹಿಸಬೇಕಿತ್ತು: ಸ್ಕಾಲರ್‌ಶಿಪ್ ಅರ್ಜಿಗೆ ಆದಾಯ ಪ್ರಮಾಣಪತ್ರದ ನಕಲನ್ನು ಶನಿವಾರದೊಳಗೆ ಆಫೀಸಿಗೆ ಕೊಡಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ಮೇಲ್ ಬರೆಯುವ ಬದಲು ಪೈಥಾನ್‌ನಲ್ಲಿ ಚಿಕ್ಕ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ 46 ಸಲ ‘ಕಳುಹಿಸಲಾಗಿದೆ’ ಎಂದು ಬಂತು. ಕೆಲಸ ಮುಗಿಯಿತು ಅಂದುಕೊಂಡೆ.

ಮರುದಿನ ವಿಚಾರಿಸಿದರೆ ಅರ್ಧ ಜನ ಅದನ್ನು ನೋಡಿಯೇ ಇರಲಿಲ್ಲ. ಹಲವರಿಗೆ ಸ್ಪ್ಯಾಮ್‌ಗೆ ಹೋಗಿತ್ತು. ಸಿಕ್ಕವರಿಗೂ ವಿಷಯದ ಜಾಗ ಖಾಲಿ. ‘ಸಬ್ಜೆಕ್ಟ್’ ಎಂಬ ಸಾಲು ಪತ್ರದ ಒಳಗೆ ಬಂದು ಕೂತಿತ್ತು. ಒಬ್ಬ ಗೆಳೆಯನ ತಂದೆ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಹೋಗಬೇಕಿತ್ತು. ಅವನಿಗೆ ಒಂದು ದಿನ ತಡವಾದರೂ ಕಷ್ಟವೇ.

ಹೆಡರ್ ಇಲ್ಲದಿದ್ದರೂ ಮೇಲ್ ತಲುಪಿದ್ದು ಹೇಗೆ? ಅಂಚೆ ಪತ್ರವನ್ನು ನೆನಪಿಸಿಕೊಳ್ಳಿ. ಅಂಚೆಯಣ್ಣ ನೋಡುವುದು ಲಕೋಟೆಯ ಮೇಲಿನ ವಿಳಾಸ. ಒಳಗಿನ ಹಾಳೆಯಲ್ಲಿ ದಿನಾಂಕ, ಇಂದ, ಗೆ, ವಿಷಯ ಇವೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಮೇಲ್‌ನಲ್ಲೂ ಹಾಗೆಯೇ. ಸರ್ವರ್‌ಗೆ ಪ್ರೋಗ್ರಾಂ ಕೊಡುವ ವಿಳಾಸ ಲಕೋಟೆ. ಹೆಡರ್ ಒಳಗಿನ ಹಾಳೆಯ ಮೇಲ್ಭಾಗ. ನಾನು ನೋಡಿದ ‘ಕಳುಹಿಸಲಾಗಿದೆ’ ಲಕೋಟೆಯ ಬಗ್ಗೆ ಮಾತ್ರ.

ನನ್ನ ತಪ್ಪು ಒಂದು ಖಾಲಿ ಸಾಲು. ನಿಯಮದ ಪ್ರಕಾರ ಮೊದಲ ಖಾಲಿ ಸಾಲು ಬಂದಲ್ಲಿಗೆ ಹೆಡರ್ ಮುಗಿದು ಪತ್ರ ಶುರುವಾಗುತ್ತದೆ. ಮೂರು ಉದ್ಧರಣ ಚಿಹ್ನೆ ಹಾಕಿ, ಎಂಟರ್ ಒತ್ತಿ, ಆಮೇಲೆ ನಾನು ‘ಫ್ರಮ್’ ಎಂದು ಬರೆದಿದ್ದೆ. ಆ ಎಂಟರ್ ಖಾಲಿ ಸಾಲಾಯಿತು, ಹೆಡರ್‌ಗಳೆಲ್ಲ ಪತ್ರದೊಳಗೆ ಸೇರಿದವು.

ಸರಿಪಡಿಸಿದ್ದು ಹೀಗೆ. ಹೆಡರ್‌ಗಳನ್ನು ಕೈಯಿಂದ ಜೋಡಿಸುವುದನ್ನು ಬಿಟ್ಟು ಪೈಥಾನ್‌ನ ‘ಇಮೇಲ್‌ಮೆಸೇಜ್’ ಬಳಸಿದೆ. ಅದು ಸಾಲುಗಳನ್ನು ಸರಿಯಾಗಿ ಜೋಡಿಸುತ್ತದೆ, ಆದರೆ ದಿನಾಂಕವನ್ನು ತಾನಾಗಿ ಹಾಕುವುದಿಲ್ಲ. 2008ರ ಆರ್‌ಎಫ್‌ಸಿ 5322 ಎಂಬ ನಿಯಮದಂತೆ ‘ಫ್ರಮ್’ ಮತ್ತು ‘ಡೇಟ್’ ಕಡ್ಡಾಯ. ‘ಮೆಸೇಜ್-ಐಡಿ’ ಇರುವುದು ಒಳ್ಳೆಯದು. ದಿನಾಂಕಕ್ಕೆ ‘ಫಾರ್ಮ್ಯಾಟ್‌ಡೇಟ್’ ಎಂಬ ಫಂಕ್ಷನ್ ಇದೆ. ಸ್ಥಳೀಯ ಸಮಯ ಬೇಕೆಂದು ಹೇಳಿದರೆ, ಕಂಪ್ಯೂಟರಿನ ಗಡಿಯಾರ ಭಾರತದ ಸಮಯದಲ್ಲಿದ್ದಾಗ, ಕೊನೆಯಲ್ಲಿ +0530 ಬರುತ್ತದೆ.

ಮೆಸೇಜ್-ಐಡಿ ಎಂದರೆ ನಮ್ಮ ಅಕೌಂಟೆನ್ಸಿಯ ವೋಚರ್ ನಂಬರ್ ಇದ್ದ ಹಾಗೆ, ಎರಡಕ್ಕೆ ಒಂದೇ ನಂಬರ್ ಇರಬಾರದು. ಆದ್ದರಿಂದ ಲೂಪ್‌ನ ಒಳಗೇ ಪ್ರತಿಯೊಬ್ಬರಿಗೂ ಹೊಸ ಮೆಸೇಜ್, ಹೊಸ ಐಡಿ ಮಾಡಬೇಕು.

ಈ ಸಲ ಮೊದಲು ನನಗೇ ಒಂದು ಕಳುಹಿಸಿಕೊಂಡು, ಜಿಮೇಲ್‌ನ ‘ಶೋ ಒರಿಜಿನಲ್’ ತೆರೆದು ಒಂದೊಂದೇ ಹೆಡರ್ ನೋಡಿದೆ. ಎಲ್ಲ ಸರಿಯಿದ್ದ ಮೇಲೆ 46 ಜನರಿಗೆ ಕಳುಹಿಸಿದೆ. ನೀವೂ ಪ್ರೋಗ್ರಾಂ ಬರೆದರೆ ಪರದೆಯ ಮಾತು ನಂಬಬೇಡಿ, ತಲುಪಿದ ಪತ್ರವನ್ನು ತೆರೆದು ನೋಡಿ.

ಅಂದ ಹಾಗೆ, ಅದೇ ಸೂಚನೆಯನ್ನು ತರಗತಿಯ ಬೋರ್ಡಿನ ಮೇಲೂ ಬರೆದೆ. ಅದಕ್ಕೆ ಹೆಡರ್ ಬೇಕಾಗಲಿಲ್ಲ.