ಅಂಗಳದ ಸಸಿಗೆ ಕುಂಡದ ಆಸರೆ

ಗೋವೆಯಲ್ಲಿ ಜೂನ್ ತಿಂಗಳ ಮೊದಲ ಮಳೆ ಸುರಿದು ಎರಡು ಮೂರು ವಾರಗಳಾಗುವಷ್ಟರಲ್ಲಿ ಮನೆಯಂಗಳದ ನೋಟವೇ ಬದಲಾಗುತ್ತದೆ. ಬೇಸಗೆಯಲ್ಲಿ ಮಕ್ಕಳು ತಿಂದೆಸೆದ ಮಾವಿನ ಗೊರಟು, ಹಲಸಿನ ಬೀಜಗಳು ಮೊಳೆತು ತಲೆಯೆತ್ತುತ್ತವೆ. ತುಸು ತಡವಾಗಿ ಮುರುಗಲೂ ಏಳುತ್ತದೆ. ಕಾಸರಗೋಡಿನವರಿಗೆ ಅದು ಪುನರ್ಪುಳಿ. ಕಳೆ ಕೀಳುವ ಕೈ ಇವೆಲ್ಲವನ್ನೂ ಕಿತ್ತೊಗೆಯುವುದುಂಟು. ವಾಸ್ಕೊ, ಮಡಗಾಂವಗಳ ಬಾಡಿಗೆ ಮನೆಗಳಲ್ಲಿರುವ ನಮ್ಮವರಿಗೆ ಅಂಗಳ ಪರರದು. ಆದರೆ ಕುಂಡದಲ್ಲಿಟ್ಟ ಸಸಿ, ಊರಿಗೆ ಮರಳುವಾಗ ಜೊತೆಯಲ್ಲಿ ಬರಬಲ್ಲದು.

ಇಲ್ಲಿ ವಿಳಂಬ ಸಲ್ಲದು. ಹಲಸಿನ ತಾಯಿಬೇರು ಬಹುಬೇಗ ಆಳಕ್ಕಿಳಿಯುತ್ತದೆ. ಅದು ತುಂಡಾದರೆ ಸಸಿ ಉಳಿಯುವುದು ಕಷ್ಟ. ಆದುದರಿಂದ ನಾಲ್ಕಾರು ಎಲೆಗಳಿರುವಾಗಲೇ ಎತ್ತಬೇಕು. ಮೋಡ ಕವಿದ ಸಂಜೆ ಇದಕ್ಕೆ ಪ್ರಶಸ್ತ. ಸಸಿಯ ಸುತ್ತ ಒಂದು ಗೇಣು ಬಿಟ್ಟು ಆಳವಾಗಿ ಅಗೆದು, ಮಣ್ಣಿನ ಹೆಂಟೆಯೊಡನೆ ಮೇಲೆತ್ತಿರಿ. ಕಾಂಡ ಹಿಡಿದು ಜಗ್ಗಬೇಡಿರಿ. ಮಾವಿನ ಗೊರಟು ಅಂಟಿಕೊಂಡಿದ್ದರೆ ಕೀಳದಿರಿ. ಅದು ಸಸಿಯ ಬುತ್ತಿ. ತಳದಲ್ಲಿ ರಂಧ್ರವುಳ್ಳ ಆಳವಾದ ಕುಂಡಕ್ಕೆ ಹಂಚಿನ ಚೂರು ಹಾಕಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಸಗಣಿಗೊಬ್ಬರ ಬೆರೆಸಿ ತುಂಬಿರಿ. ಸಸಿ ಮೊದಲಿದ್ದಷ್ಟೇ ಆಳದಲ್ಲಿರಲಿ. ಹದಿನೈದು ದಿನ ನೆರಳಿನಲ್ಲಿಡಿರಿ. ಮಾಡಿನ ನೀರು ನೇರವಾಗಿ ಬೀಳದಿರಲಿ.

ಇನ್ನೊಂದು ಮಾತು. ಬೀಜದ ಸಸಿ ತಾಯಿಮರದ ಪ್ರತಿರೂಪವಲ್ಲ. ಗೋವೆಯ ಹೆಮ್ಮೆಯ ಮಾಣಕುರಾದ ಮಾವಿನ ಗೊರಟಿನಿಂದ ಅದೇ ರುಚಿಯ ಹಣ್ಣು ದೊರೆವ ಭರವಸೆಯಿಲ್ಲ. ಪೋರ್ಚುಗೀಸರ ಕಾಲದಿಂದಲೂ ಅಂತಹ ತಳಿಗಳು ಉಳಿದುಬಂದಿರುವುದು ಕಸಿಯಿಂದ. ಮುರುಗಲಿನಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ; ಹೂ ಬಿಡುವವರೆಗೆ, ಎಂದರೆ ಆರೇಳು ವರ್ಷ, ಯಾವುದೆಂದು ತಿಳಿಯದು. ಅಷ್ಟು ಕಾಲ ನೀರೆರೆದ ಮರ ಹಣ್ಣನ್ನೇ ಕೊಡದಿರಬಹುದು!

ಹಾಗೆಂದು ಸಸಿಯನ್ನು ಎಸೆಯಬೇಕಾಗಿಲ್ಲ. ಎಳೆಯ ಮಾವಿನ ಸಸಿಯ ತುದಿ ಕತ್ತರಿಸಿ, ಸೀಳಿ, ಒಳ್ಳೆಯ ಮರದ ಕುಡಿಯನ್ನು ಸೇರಿಸಿ ಬಿಗಿಯಾಗಿ ಕಟ್ಟುವ ಗೊರಟುಕಸಿ ಕೊಂಕಣ ಕರಾವಳಿಯಲ್ಲಿ ಬಳಕೆಯಲ್ಲಿದೆ. ಎಲೆಗಳಿನ್ನೂ ತಾಮ್ರವರ್ಣದಲ್ಲಿರುವಾಗಲೇ ಇದನ್ನು ಮಾಡಬೇಕು. ಮುರುಗಲಿಗೂ ಫಲ ಕೊಡುವ ಹೆಣ್ಣುಮರದ ಕುಡಿಯನ್ನು ಕಸಿ ಮಾಡಬಹುದು. ಬಲ್ಲವರನ್ನು ಕರೆದು ಮಾಡಿಸುವುದು ಲೇಸು.

ಕುಂಡವು ಸಸಿಗೆ ತಂಗುದಾಣವೇ ಹೊರತು ಮನೆಯಲ್ಲ. ಬಹುಕಾಲ ಅಲ್ಲಿಯೇ ಇಟ್ಟರೆ ಬೇರು ಸುರುಳಿಸುತ್ತಿ ಮರ ಕುಂಠಿತವಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಅದಕ್ಕೆ ನೆಲ ತೋರಿಸಿರಿ. ಅದು ನಿಮ್ಮೂರಿನ ನೆಲವಾದರೆ ಮತ್ತೂ ಸಂತೋಷ.