ಒಂದು ಗಿಟಾರ್, ಎರಡು ಆಂಪ್

ಫೆಸ್ಟ್ ಪ್ರಾಕ್ಟೀಸ್‌ನಲ್ಲಿ ನಮಗೊಂದು ಆಸೆ: ಒಂದೇ ಗಿಟಾರ್, ಎರಡು ಆಂಪ್. ಒಂದರಲ್ಲಿ ಕ್ಲೀನ್, ಇನ್ನೊಂದರಲ್ಲಿ ಡಿಸ್ಟಾರ್ಷನ್, ಡಿಲೇ. ಚಿಕ್ಕಬಳ್ಳಾಪುರದಲ್ಲಿ ಸಿಕ್ಕ ವೈ ಕೇಬಲ್ ಹಾಕಿದ್ವಿ. ಸೌಂಡ್ ಬಂತು, ಆದರೆ ಮಂಕಾಗಿ. ಜೊತೆಗೆ ಗುಂಯ್ ಅನ್ನೋ ಹಮ್.

ಪಿಕಪ್‌ಗೆ ಮೀಟರ್ ಇಟ್ಟರೆ ಸುಮಾರು 8 ಕಿಲೋ ಓಮ್. ಆಂಪ್‌ಗಳ ಇನ್‌ಪುಟ್ ತಲಾ 1 ಮೆಗಾ ಓಮ್, ಪ್ಯಾರಲಲ್ ಆದರೂ 500 ಕಿಲೋ. ಇದೆಂಥ ಲೋಡ್ ಅಂದ್ಕೊಂಡ್ವಿ. ಪಿಕಪ್ ಅಂದ್ರೆ ಸಾವಿರಾರು ಸುತ್ತಿನ ಕಾಯಿಲ್, ಕೆಲವು ಹೆನ್ರಿ ಇಂಡಕ್ಟನ್ಸ್ ಅನ್ನೋದನ್ನೇ ಮರೆತಿದ್ವಿ. ಫ್ರೀಕ್ವೆನ್ಸಿ ಏರಿದಂತೆ ಅದರ ಇಂಪೀಡೆನ್ಸೂ ಏರುತ್ತೆ. ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಎರಡು ಕೇಬಲ್ ಸೇರಿದರೆ ಟ್ರೆಬಲ್ ಅಲ್ಲೇ ಸೋರಿಹೋಗುತ್ತೆ. ಹಾಗಾಗಿ ಸಿಗ್ನಲ್ ಕವಲೊಡೆಯುವ ಮುಂಚೆ ಬಫರ್ ಬೇಕು: ಲ್ಯಾಬ್‌ನಲ್ಲಿ ಕಟ್ಟುವ ಅದೇ ವೋಲ್ಟೇಜ್ ಫಾಲೋವರ್. ಒಂದು ಟಿಎಲ್072, 9 ವೋಲ್ಟ್ ಬ್ಯಾಟರಿ ಸಾಕು.

ಹಮ್‌ಗೆ ಕಾರಣ ಬೇರೆ. ಎರಡೂ ಆಂಪ್‌ಗೆ ಅರ್ಥ್ ಇದೆ, ಕೇಬಲ್ ಶೀಲ್ಡ್ ಅವನ್ನು ಸೇರಿಸಿ ಲೂಪ್ ಮಾಡುತ್ತೆ, ಅದರಲ್ಲಿ 50 ಹರ್ಟ್ಜ್ ನುಗ್ಗುತ್ತೆ. "ಅರ್ಥ್ ಪಿನ್ ಕಿತ್ತಾಕ್ರೋ" ಅಂದ್ರು ಸೀನಿಯರ್ ಒಬ್ಬರು. ಹಮ್ ಹೋಗುತ್ತೆ, ನಿಜ. ಆದರೆ ಆಂಪ್ ಒಳಗೆ ಫಾಲ್ಟ್ ಆದ ದಿನ 230 ವೋಲ್ಟ್ ಗಿಟಾರ್ ತಂತಿವರೆಗೂ ಬರಬಹುದು. ಪಿನ್ ಮುಟ್ಟಲೇಬೇಡಿ. ಒಂದು ಔಟ್‌ಪುಟ್‌ಗೆ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿ, ಆ ಜ್ಯಾಕ್‌ನ ಶೀಲ್ಡನ್ನು ಬಫರ್ ಗ್ರೌಂಡ್‌ಗೆ ಸೇರಿಸದೆ ಬಿಡಿ.

ಇನ್ನೂ ಬೇಸ್ ತೆಳ್ಳಗಿದ್ದರೆ ಒಂದು ಆಂಪ್ ಸಿಗ್ನಲ್ಲನ್ನು ತಲೆಕೆಳಗು ಮಾಡ್ತಿದೆ ಅಂತ ಅನುಮಾನಿಸಿ. ನಮ್ಮ ಪಕ್ಕದ ಗೌರಿಬಿದನೂರಿನ ರೇಡಿಯೊ ಟೆಲಿಸ್ಕೋಪ್‌ನಲ್ಲಿ 1000 ಡೈಪೋಲ್‌ಗಳ ಸಿಗ್ನಲ್ ಕೂಡಿಸುತ್ತಿದ್ದಾಗಲೂ ಇದೇ ಫೇಸ್ ತಲೆನೋವಿತ್ತು. ನಮಗೆ ಕೆಲಸ ಸುಲಭ: ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ವೈರ್ ಎರಡನ್ನೂ ಅದಲುಬದಲು ಮಾಡಿದ್ವಿ, ಬೇಸ್ ವಾಪಸ್ ಬಂತು.