ಔಷಧದ ಬೆಲೆ ಬರೆದಿರುವುದು ಹದಿಮೂರನೇ ಅಧ್ಯಾಯದಲ್ಲಿ

2025ರ ಜುಲೈ 24ರಂದು ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ವಿಸ್ಕಿ, ಕಾರು, ಜವಳಿ ಸುಂಕದ ಬಗ್ಗೆ ನಾವೆಲ್ಲ ಮಾತಾಡಿಕೊಂಡೆವು. ಬೌದ್ಧಿಕ ಆಸ್ತಿಯ 13ನೇ ಅಧ್ಯಾಯವನ್ನು ಓದಿದವರು ಕಡಿಮೆ. ಔಷಧ ಜನರ ಕೈಗೆ ಸಿಗಬೇಕಾದರೆ ಪೇಟೆಂಟ್ ಹೊಂದಿದ ಕಂಪನಿ ತಾನಾಗಿಯೇ ಲೈಸೆನ್ಸ್ ಕೊಡುವಂಥ ದಾರಿಯೇ ಮೇಲು ಎಂದು ಅದರ 13.6ನೇ ವಿಧಿಯಲ್ಲಿ ಎರಡೂ ದೇಶಗಳು ಒಪ್ಪಿಕೊಂಡಿವೆ.

ಈ ಸಾಲಿನ ತೂಕ ತಿಳಿಯಲು 2012ರ ಕಡತ ತೆಗೆಯಬೇಕು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಕೊಡುವ ನೆಕ್ಸಾವರ್ ಮಾತ್ರೆಗೆ ಬೇಯರ್ ಕಂಪನಿಯ ಬೆಲೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ. ಹೈದರಾಬಾದಿನ ನಾಟ್ಕೋ ಕಂಪನಿ ಲೈಸೆನ್ಸ್ ಕೇಳಿತು, ಬೇಯರ್ ಕೊಡಲಿಲ್ಲ. ಆ ವರ್ಷದ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರು ಬೇಯರ್ ಒಪ್ಪಿಗೆಯಿಲ್ಲದೆಯೇ ನಾಟ್ಕೋ ಹೆಸರಿಗೆ ಕಡ್ಡಾಯ ಲೈಸೆನ್ಸ್ ಹೊರಡಿಸಿದರು. ನಾಟ್ಕೋ ಅದೇ ಔಷಧವನ್ನು 8,800 ರೂಪಾಯಿಗೆ ಮಾರಬೇಕು, ಬೇಯರ್‌ಗೆ ಶೇ 6ರಷ್ಟು ರಾಯಧನ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಕಂಪನಿಯ ಮನಸ್ಸು ಕರಗಲೆಂದು ಕಾಯುತ್ತ ಕೂತಿದ್ದರೆ ಬೆಲೆ ಹೀಗೆ ಇಳಿಯುತ್ತಿರಲಿಲ್ಲ.

ಇಂಥ ಒಪ್ಪಂದಗಳನ್ನು ಒಂಟಿಯಾಗಿ ಓದಿದರೆ ಏನೂ ತಲೆಗೆ ಹತ್ತುವುದಿಲ್ಲ. ಮೊದಲು ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ತೆರೆಯಬೇಕು. ಅದರ 31ನೇ ವಿಧಿ ಕಡ್ಡಾಯ ಲೈಸೆನ್ಸ್‌ಗೆ ಜಾಗ ಬಿಟ್ಟಿದೆ. ಮೊದಲು ಕಂಪನಿಯನ್ನು ಕೇಳಿ ನೋಡಬೇಕು ಎನ್ನುವ ಆ ವಿಧಿಯೇ ತುರ್ತು ಪರಿಸ್ಥಿತಿಯಲ್ಲಿ ಅದೂ ಬೇಡ ಎನ್ನುತ್ತದೆ. ಯಾವ ಕಾರಣಕ್ಕೆ ಲೈಸೆನ್ಸ್ ಕೊಡಬೇಕೆಂಬುದು ಆಯಾ ದೇಶಕ್ಕೆ ಬಿಟ್ಟದ್ದು ಎಂದು ಅದೇ ಸಂಸ್ಥೆಯ 2001ರ ದೋಹಾ ಘೋಷಣೆ ಸ್ಪಷ್ಟಪಡಿಸಿತು. ಇವೆರಡರ ಪಕ್ಕಕ್ಕೆ ಕಡ್ಡಾಯ ಲೈಸೆನ್ಸ್‌ಗೆ ಅವಕಾಶ ಕೊಡುವ ನಮ್ಮ ಪೇಟೆಂಟ್ ಕಾಯ್ದೆಯ 84ನೇ ಸೆಕ್ಷನ್ ಇಟ್ಟುಕೊಂಡರೆ 13.6 ಎಲ್ಲಿ ಒತ್ತುತ್ತಿದೆ ಎಂಬುದು ಕಾಣುತ್ತದೆ. ಕಾಯ್ದೆ ಬದಲಾಗಿಲ್ಲ, ಅಧಿಕಾರ ಹಾಗೇ ಇದೆ ಎಂದು ಸರ್ಕಾರ ಹೇಳುತ್ತದೆ. ಕಾನೂನಿನ ಮಟ್ಟಿಗೆ ಅದು ನಿಜ. ಆದರೆ ಕಂಪನಿಯ ಒಪ್ಪಿಗೆಯೇ ಮೇಲು ಎಂದು ಸಹಿ ಹಾಕಿದ ದೇಶ ನಾಳೆ ಕಡ್ಡಾಯ ಲೈಸೆನ್ಸ್ ಹೊರಡಿಸಲು ಹೊರಟಾಗ, ಇದೇ ಸಾಲನ್ನು ಅದರ ಮುಂದೆ ಹಿಡಿಯದೆ ಯಾರೂ ಬಿಡುವುದಿಲ್ಲ.

ನನಗೆ ಹೆಚ್ಚು ನೋವು ಕೊಡುವುದು ಬೇರೆಯೇ ವಿಷಯ. ಮಾತುಕತೆ ನಡೆಯುವಾಗ ಕರಡು ಗುಟ್ಟಾಗಿರುತ್ತದೆ. ಒಪ್ಪಂದಕ್ಕೆ ಸಂಸತ್ತಿನ ಮತ ಬೇಕೆಂಬ ನಿಯಮ ನಮ್ಮಲ್ಲಿಲ್ಲ. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ, ಸರ್ಕಾರಿ ಆಸ್ಪತ್ರೆಗೆ ಔಷಧ ಕೊಳ್ಳುವ ಹೊಣೆ ರಾಜ್ಯದ್ದು, ಆದರೂ ಕರಡು ವಿಧಾನಸೌಧದ ಮೆಟ್ಟಿಲು ಹತ್ತುವುದಿಲ್ಲ. ಸಹಿಗೆ ಮುನ್ನ ಬೌದ್ಧಿಕ ಆಸ್ತಿಯ ಅಧ್ಯಾಯವಾದರೂ ಜನರ ಮುಂದೆ ಬರಲೇಬೇಕು.

ಮುಂದಿನ ಒಪ್ಪಂದಗಳಲ್ಲಿ ಓದುಗರು ಹುಡುಕಬೇಕಾದದ್ದು ದತ್ತಾಂಶದ ಏಕಸ್ವಾಮ್ಯ. ಔಷಧ ಪರೀಕ್ಷೆಯ ಮಾಹಿತಿಯನ್ನು ಅನ್ಯಾಯದ ವಾಣಿಜ್ಯ ಬಳಕೆಯಿಂದ ಕಾಪಾಡಿ ಎಂದಷ್ಟೇ ಟ್ರಿಪ್ಸ್‌ನ 39ನೇ ವಿಧಿ ಹೇಳುತ್ತದೆ, ವರ್ಷಗಳ ಲೆಕ್ಕ ಅಲ್ಲಿಲ್ಲ. ಶ್ರೀಮಂತ ದೇಶಗಳು ಇದಕ್ಕೆ ಐದು ವರ್ಷ, ಅದಕ್ಕೂ ಹೆಚ್ಚು ಕೇಳುತ್ತ ಬಂದಿವೆ. ಆ ಅವಧಿಯಲ್ಲಿ ಮೊದಲ ಕಂಪನಿಯ ಪರೀಕ್ಷಾ ಫಲಿತಾಂಶವನ್ನು ಆಧರಿಸಿ ಜೆನೆರಿಕ್ ಔಷಧಕ್ಕೆ ಅನುಮತಿ ಕೊಡುವಂತಿಲ್ಲ. ಅಂಥ ನಿಯಮ ಜಾರಿಯಲ್ಲಿದ್ದರೆ ಕಡ್ಡಾಯ ಲೈಸೆನ್ಸ್ ಕೈಯಲ್ಲಿದ್ದ ಕಂಪನಿಯೂ ಮಾತ್ರೆಯನ್ನು ಅಂಗಡಿಗೆ ತರಲಾರದೆ ಕೂರಬೇಕಾಗುತ್ತದೆ.